ಗಣಿ ಮುಗಿದ ಮೇಲೆ ರನ್‌ವೇ

ಬಂದಳಿಕೆಗೆ ಹೋದವರೆಲ್ಲ ನೋಡುವುದು ಗುಡಿಗಳನ್ನು. ನೋಡಲೇಬೇಕಾದವು ಅವು. ಶಿಕಾರಿಪುರ ತಾಲ್ಲೂಕಿನ ಅಂಚಿನಲ್ಲಿ, ಸೊರಬದ ಮಗ್ಗುಲಿಗೆ ಇರುವ ಈ ಊರು ಒಂದು ಕಾಲಕ್ಕೆ ನಾಗರಖಂಡ ಎಪ್ಪತ್ತು ಎಂಬ ನಾಡಿನ ಕೇಂದ್ರವಾಗಿತ್ತು. ರಾಷ್ಟ್ರಕೂಟರ ಆಳ್ವಿಕೆಯಲ್ಲಿ ಗಂಡ ತೀರಿಕೊಂಡ ಮೇಲೆ ನಾಡಿನ ಆಡಳಿತ ವಹಿಸಿಕೊಂಡ ಜಕ್ಕಿಯಬ್ಬೆ ಕೊನೆಗೆ ಇಲ್ಲಿಯ ಬಸದಿಯಲ್ಲೇ ಸಲ್ಲೇಖನ ಕೈಗೊಂಡಳೆಂದು ಶಾಸನ ಹೇಳುತ್ತದೆ. ಆದರೆ ಈ ಅಧ್ಯಾಯದ ಮಟ್ಟಿಗೆ ಓದುಗರ ಗಮನವನ್ನು ಗುಡಿಯಿಂದ ಅದರ ಕೆಳಗಿನ ನೆಲಕ್ಕೆ ಇಳಿಸಬೇಕಾಗಿದೆ. ಸಾವಿರ ವರ್ಷ ಕಲ್ಲಿನ ಭಾರ ಹೊತ್ತು ನಿಂತ ನೆಲ ಅದು. ಯಾರೂ ಅಗೆದು, ಬಗೆದು, ಮತ್ತೆ ತುಂಬಿದ ನೆಲವಲ್ಲ. ಕಟ್ಟಡ ಕಟ್ಟುವವರಿಗೆ ಈ ಎರಡು ಬಗೆಯ ನೆಲಗಳ ನಡುವೆ ಇರುವಷ್ಟು ದೊಡ್ಡ ವ್ಯತ್ಯಾಸ ಇನ್ನೊಂದಿಲ್ಲ.

ಈ ಸೀಮೆಗೆ ಈಗ ಹತ್ತಿರದ ವಿಮಾನ ನಿಲ್ದಾಣ ಶಿವಮೊಗ್ಗದ ಸೋಗಾನೆ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಕುವೆಂಪು ಅವರ ಹೆಸರು ಹೊತ್ತ ಈ ನಿಲ್ದಾಣದ ರನ್‌ವೇ 3,200 ಮೀಟರ್ ಉದ್ದ. ರಾಜ್ಯದ ಅತಿ ಉದ್ದದ ರನ್‌ವೇಗಳಲ್ಲಿ ಇದೂ ಒಂದು. ಒಂದು ಜಿಲ್ಲೆಗೆ ವಿಮಾನ ನಿಲ್ದಾಣ ಬಂದೊಡನೆ ಪಕ್ಕದ ಜಿಲ್ಲೆಯಲ್ಲಿ ಬೇಡಿಕೆ ಏಳುತ್ತದೆ. ಹಳೆಯ ಪುಟ್ಟ ಏರ್‌ಸ್ಟ್ರಿಪ್ ಇರುವ ಊರಲ್ಲಿ, ಅದರ ಬದಲಿಗೆ ದೊಡ್ಡದೊಂದು ಬೇಕೆಂಬ ಮಾತು ಶುರುವಾಗುತ್ತದೆ. ಆಗ ಪ್ರತಿ ಸಲವೂ ಕೇಳಿಬರುವ ಪ್ರಶ್ನೆ ಒಂದಿದೆ: ಗದ್ದೆ, ತೋಟ, ಕಾಡನ್ನು ಯಾಕೆ ತೆಗೆದುಕೊಳ್ಳುತ್ತೀರಿ? ಗಣಿ ಮಾಡಿ ಬಿಟ್ಟ ನೆಲ ಅಷ್ಟೊಂದು ಬಿದ್ದಿದೆಯಲ್ಲ, ಅಲ್ಲೇ ಕಟ್ಟಬಾರದೇಕೆ?

ನ್ಯಾಯವಾದ ಪ್ರಶ್ನೆ. ರೈತನ ಬಾಯಿಂದ ಬಂದಾಗಲಂತೂ ಅದಕ್ಕೆ ಹಾರಿಕೆಯ ಉತ್ತರ ಕೊಡಬಾರದು. ಗಣಿ ಮುಗಿದ ನೆಲದ ಮೇಲೆ ವಿಮಾನ ಇಳಿಸಬಹುದು; ಇಳಿಸಿದ್ದಾರೆ ಕೂಡ. ಆದರೆ ರನ್‌ವೇಯ ವಿಚಾರ ಗಣಿ ಮುಚ್ಚಿದ ಮೇಲೆ ಹುಟ್ಟಿದರೆ ತಡವಾಯಿತು. ಗಣಿಯ ಮಣ್ಣನ್ನು ಮೊದಲ ಸಲ ಸುರಿಯುವ ದಿನವೇ ಅದರ ಮುಂದಿನ ಬದುಕು ತೀರ್ಮಾನವಾಗುತ್ತದೆ. ಹೇಗೆಂದು ವಿವರವಾಗಿ ನೋಡೋಣ.

ಮೊದಲು ಎಷ್ಟು ಜಾಗ ಬೇಕೆಂಬ ಲೆಕ್ಕ. ವಿಮಾನ ಮೇಲೇಳುವುದು ರೆಕ್ಕೆಯ ಸುತ್ತ ಹರಿಯುವ ಗಾಳಿಯ ಬಲದಿಂದ. ಗಾಳಿ ತೆಳುವಾದಷ್ಟೂ ಹೆಚ್ಚು ವೇಗ ಬೇಕು, ವೇಗ ಹೆಚ್ಚಬೇಕಾದರೆ ಹೆಚ್ಚು ದೂರ ಓಡಬೇಕು. ಎತ್ತರದ ಊರಿನಲ್ಲಿ ಗಾಳಿ ತೆಳು. ಬಿಸಿಲಿನಲ್ಲಿ ಇನ್ನೂ ತೆಳು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಕೈಪಿಡಿಯಲ್ಲಿ ಇದಕ್ಕೊಂದು ಸರಳ ಲೆಕ್ಕವಿದೆ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಎತ್ತರಕ್ಕೆ ರನ್‌ವೇ ಶೇಕಡ 7ರಷ್ಟು ಉದ್ದವಾಗಬೇಕು. ಆ ಎತ್ತರದ ಪ್ರಮಾಣಿತ ಉಷ್ಣಾಂಶಕ್ಕಿಂತ ಮೇಲಿನ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಇನ್ನೂ ಶೇಕಡ 1 ಸೇರಬೇಕು. ಸಮುದ್ರಮಟ್ಟದಲ್ಲಿ 2,000 ಮೀಟರ್ ಬೇಡುವ ವಿಮಾನವೊಂದನ್ನು 600 ಮೀಟರ್ ಎತ್ತರದ ಬಯಲಿಗೆ ತಂದೆವೆನ್ನಿ. ಎತ್ತರಕ್ಕೆ ಶೇಕಡ 14 ಸೇರಿ 2,280 ಮೀಟರ್ ಆಯಿತು. ಆ ಎತ್ತರದ ಪ್ರಮಾಣಿತ ಉಷ್ಣಾಂಶ ಸುಮಾರು 11 ಡಿಗ್ರಿ. ನಮ್ಮ ಬೇಸಿಗೆಯ ಮಧ್ಯಾಹ್ನ 35 ಎಂದುಕೊಂಡರೆ 24 ಡಿಗ್ರಿ ಹೆಚ್ಚು. ಹೀಗೆ 2,280 ಮೀಟರ್ 2,800 ದಾಟುತ್ತದೆ. ಎತ್ತರ ಮತ್ತು ಬಿಸಿಲು ಸೇರಿ ಇಷ್ಟು ದೊಡ್ಡ ತಿದ್ದುಪಡಿ ಬಂದಲ್ಲಿ ಪ್ರತ್ಯೇಕ ಅಧ್ಯಯನವನ್ನೇ ಮಾಡಬೇಕೆಂದು ಅದೇ ಕೈಪಿಡಿ ಹೇಳುತ್ತದೆ.

ಉದ್ದದ ಜೊತೆಗೆ ಅಗಲವೂ ಇದೆ. ಡಾಂಬರು ಕಾಣುವುದು 45 ಮೀಟರ್ ಮಾತ್ರ. ವಿಮಾನ ದಾರಿ ತಪ್ಪಿದರೂ ಮುಗ್ಗರಿಸದ ಹಾಗೆ, ಉಪಕರಣ ನೋಡಿ ಇಳಿಯುವ ದೊಡ್ಡ ರನ್‌ವೇಯ ನಡುಗೆರೆಯಿಂದ ಎರಡೂ ಕಡೆ 140 ಮೀಟರ್ ತೆರವಾಗಿರಬೇಕು. 3,200 ಮೀಟರ್ ರನ್‌ವೇಗೆ ಈ ಪಟ್ಟಿಯೊಂದೇ ಸುಮಾರು 230 ಎಕರೆ ನುಂಗುತ್ತದೆ. ಎರಡೂ ತುದಿಯಲ್ಲಿ ಇನ್ನೂ 240 ಮೀಟರ್ ಸುರಕ್ಷಾ ಜಾಗ ಬೇಕು. ಇಷ್ಟಕ್ಕೂ ಇದು ನೆಲದ ಲೆಕ್ಕ ಮಾತ್ರ. ಆಕಾಶದಲ್ಲೂ ಜಾಗ ಬೇಕು. ಇಳಿಯುವ ದಾರಿಯಲ್ಲಿ 50 ಮೀಟರ್ ದೂರಕ್ಕೆ ಒಂದು ಮೀಟರ್ ಏರುವ ಒಂದು ಕಾಣದ ಇಳಿಜಾರನ್ನು ಕಲ್ಪಿಸಿಕೊಂಡು, ಅದನ್ನು ಯಾವ ಗುಡ್ಡ, ಕಂಬ, ಕಟ್ಟಡವೂ ತೂರಿ ಮೇಲೇಳಬಾರದೆಂಬುದು ನಿಯಮ. ದೊಡ್ಡ ನಿಲ್ದಾಣವಾದರೆ ಸುತ್ತ 4 ಕಿಲೋಮೀಟರ್‌ವರೆಗೆ 45 ಮೀಟರ್ ಎತ್ತರದ ಇನ್ನೊಂದು ಕಾಣದ ಚಪ್ಪರವಿದೆ. ಗಣಿ ಪ್ರದೇಶದ ತ್ಯಾಜ್ಯ ಮಣ್ಣಿನ ಡಂಪ್‌ಗಳು ಈ ಚಪ್ಪರವನ್ನು ಸುಲಭವಾಗಿ ತೂರುತ್ತವೆ.

ಈ ಅಳತೆಗೋಲು ಹಿಡಿದು ಬಳ್ಳಾರಿಗೆ ಹೋಗೋಣ. ಹಳೆಯದಕ್ಕೆ ಬದಲಾಗಿ ಹೊಸ ಪ್ರಾದೇಶಿಕ ವಿಮಾನ ನಿಲ್ದಾಣ ಕಟ್ಟುವ ಯೋಜನೆಯೂ ಗಣಿ ನೆಲವೂ ಕರ್ನಾಟಕದಲ್ಲಿ ಇಷ್ಟು ಹತ್ತಿರ ಸೇರಿದ್ದು ಅಲ್ಲೇ. ನಗರದ ಕಂಟೋನ್ಮೆಂಟ್ ಭಾಗದಲ್ಲಿರುವ ಹಳೆಯ ನಿಲ್ದಾಣದ ರನ್‌ವೇ ಚಿಕ್ಕದು, ಸುತ್ತ ಊರು ಬೆಳೆದಿದೆ. ಅದಿರಿನ ವ್ಯಾಪಾರ ಉತ್ತುಂಗದಲ್ಲಿದ್ದ ವರ್ಷಗಳಲ್ಲಿ ಚಾಗನೂರು ಮತ್ತು ಸಿರಿವಾರದ ಬಳಿ ಸುಮಾರು 900 ಎಕರೆಯಲ್ಲಿ ಹೊಸದನ್ನು ಕಟ್ಟಲು ಸರಕಾರ ಹೊರಟಿತು. 2010ರಲ್ಲಿ ಶಂಕುಸ್ಥಾಪನೆಯೂ ಆಯಿತು. ಆದರೆ ಅದು ತುಂಗಭದ್ರಾ ಕಾಲುವೆಯ ನೀರುಂಡ ನೆಲ. ರೈತರು ಎದ್ದು ನಿಂತರು, ಬೀದಿಗೂ ಬಂದರು, ನ್ಯಾಯಾಲಯಕ್ಕೂ ಹೋದರು. ವರ್ಷಗಳು ಉರುಳಿದರೂ ಅಲ್ಲಿ ವಿಮಾನ ಏಳಲಿಲ್ಲ. ಈ ನಡುವೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ವಿದ್ಯಾನಗರ ನಿಲ್ದಾಣ 2017ರಿಂದ ಉಡಾನ್ ಯೋಜನೆಯಡಿ ಆ ಭಾಗದ ಜನರಿಗೆ ಒದಗಿತು.

ಚಾಗನೂರಿನ ಗದ್ದೆಗಳಿಂದ ಪಶ್ಚಿಮಕ್ಕೆ ಕಣ್ಣೆತ್ತಿದರೆ ಸಂಡೂರಿನ ಅದಿರು ಬೆಟ್ಟಗಳ ಸಾಲು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಅತಿ ಹೆಚ್ಚು ಅಕ್ರಮ ನಡೆದಿದ್ದ ಸಿ ವರ್ಗದ ಗುತ್ತಿಗೆಗಳನ್ನು 2013ರ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಇತ್ತ ಫಸಲು ಕೊಡುವ ಹೊಲಕ್ಕೆ ಸರ್ವೆ ಕಲ್ಲು, ಅತ್ತ ಅಗೆದು ಬಿಟ್ಟ ಬೆಟ್ಟ. ರೈತರ ಪ್ರಶ್ನೆ ಅಲ್ಲಿ ತಾನಾಗಿಯೇ ಹುಟ್ಟಿತು.

ಸಂಡೂರಿನ ಮಟ್ಟಿಗೆ ಉತ್ತರ ಕಹಿಯಾಗಿದೆ. ಅಲ್ಲಿಯ ಅದಿರು ಇರುವುದು ಬಯಲಿನಿಂದ ನೂರಾರು ಮೀಟರ್ ಮೇಲೆದ್ದ ಕಿರಿದಾದ ಬೆಟ್ಟದ ನೆತ್ತಿಗಳಲ್ಲಿ. ಗಣಿಗಳು ಇಳಿಜಾರಿನ ಮೆಟ್ಟಿಲುಗಳ ಹಾಗೆ ಕೊರೆದವು. ಮೂರು ಕಿಲೋಮೀಟರ್ ನೇರ, ಮುನ್ನೂರು ಮೀಟರ್ ಅಗಲದ ಸಮತಟ್ಟು ಒಂದೇ ಕಡೆ ಸಿಗುವುದು ಕಷ್ಟ. ಸಿಕ್ಕರೂ ಅದು ಗಾಳಿಯ ದಿಕ್ಕಿಗೆ ಹೊಂದಬೇಕು. ಅಡ್ಡಗಾಳಿಯ ಕಾರಣಕ್ಕೆ ರನ್‌ವೇ ಬಳಸಲಾಗದ ಹೊತ್ತು ವರ್ಷದಲ್ಲಿ ಶೇಕಡ 5ನ್ನು ಮೀರಬಾರದೆಂಬುದು ಅಂಗೀಕೃತ ಗುರಿ. ಬೆಟ್ಟದ ಸಾಲು ಒಂದು ದಿಕ್ಕಿಗೆ, ಮುಂಗಾರಿನ ಪಡುಗಾಳಿ ಇನ್ನೊಂದು ದಿಕ್ಕಿಗೆ ಇದ್ದರೆ ನಕ್ಷೆ ಅಲ್ಲಿಗೇ ಮುಗಿಯಿತು. ಹಾಗೆಂದು ನೀರಾವರಿ ಹೊಲವೇ ಸರಿ ಎಂದೂ ಆಗುವುದಿಲ್ಲ. ಅಗೆಯದ, ನೀರಿಲ್ಲದ ಬಯಲು ಬಳ್ಳಾರಿಯಲ್ಲಿ ಸಾಕಷ್ಟಿದೆ. ಗಣಿ ನೆಲವೋ ಗದ್ದೆಯೋ ಎಂಬ ಎರಡೇ ಆಯ್ಕೆಯ ಚೌಕಟ್ಟಿಗೆ ಆ ಚರ್ಚೆ ಸಿಕ್ಕಿಕೊಳ್ಳಬಾರದಿತ್ತೆಂದು ನನ್ನ ಭಾವನೆ.

ಈಗ ಬಯಲಿನಲ್ಲೇ ಇರುವ, ಅಗಲವಾದ, ಮಣ್ಣು ತುಂಬಿ ಸಮ ಮಾಡಿದ ಒಂದು ಗಣಿ ನೆಲ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಅಲ್ಲಿ ನಿಜವಾದ ವಿಜ್ಞಾನ ಶುರುವಾಗುತ್ತದೆ.

ಅದನ್ನು ಅರ್ಥ ಮಾಡಿಕೊಳ್ಳಲು ಶಿಕಾರಿಪುರ, ಸೊರಬದವರಿಗಿಂತ ತಯಾರಾದ ಓದುಗರು ಬೇರೆ ಇಲ್ಲ; ಕೆರೆಗಳ ನಾಡು ಅದು. ತಾಳಗುಂದದ ಕೆರೆಯಿಂದ ಹಿಡಿದು ಮದಗ ಮಾಸೂರಿನ ಕೆರೆ, ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ ಅಂಜನಾಪುರ ಜಲಾಶಯದವರೆಗೆ, ಮಣ್ಣನ್ನು ಪೇರಿಸಿ ನೀರು ನಿಲ್ಲಿಸುವ ಕೆಲಸ ಈ ಸೀಮೆಯ ಹಳೆಯ ವಿದ್ಯೆ. ಕೆರೆ ಏರಿ ಕಟ್ಟುವವರು ಮಣ್ಣನ್ನು ಒಮ್ಮೆಗೇ ಗುಡ್ಡೆ ಹಾಕುತ್ತಿರಲಿಲ್ಲ. ಬುಟ್ಟಿಯಲ್ಲಿ ತಂದು ತೆಳುವಾಗಿ ಹರಡಿ, ಹದವಾಗಿ ನೀರು ಚಿಮುಕಿಸಿ, ದನ ಎಮ್ಮೆ ಓಡಾಡಿಸಿ ತುಳಿಸಿ, ದಿಮ್ಮಿಸಿನಿಂದ ಬಡಿದು, ಆಮೇಲೆ ಮುಂದಿನ ಪದರ. ಒಣಗಿದ ಮಣ್ಣು ಕೂಡುವುದಿಲ್ಲ, ಕೆಸರಾದರೆ ಜಾರುತ್ತದೆ ಎಂಬುದು ಅವರ ಅಂಗೈಗೆ ಗೊತ್ತಿತ್ತು.

1933ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಮಣ್ಣಿನ ಅಣೆಕಟ್ಟುಗಳ ಕೆಲಸ ನೋಡುತ್ತಿದ್ದ ರಾಲ್ಫ್ ಪ್ರಾಕ್ಟರ್ ಎಂಬ ಎಂಜಿನಿಯರ್ ಇದನ್ನೇ ಅಳತೆಗೆ ತಂದರು. ಒಂದೇ ಮಣ್ಣಿಗೆ ಬೇರೆ ಬೇರೆ ಪ್ರಮಾಣದ ನೀರು ಬೆರೆಸಿ, ಒಂದೇ ತೂಕದ ಸುತ್ತಿಗೆಯಿಂದ ಒಂದೇ ಸಂಖ್ಯೆಯ ಪೆಟ್ಟು ಕೊಟ್ಟು, ಪ್ರತಿ ಸಲ ಎಷ್ಟು ಗಟ್ಟಿಯಾಯಿತೆಂದು ತೂಗಿದರು. ನೀರು ಹೆಚ್ಚಿದಂತೆ ಮಣ್ಣಿನ ಸಾಂದ್ರತೆ ಏರುತ್ತದೆ, ಒಂದು ಹಂತದಲ್ಲಿ ಶಿಖರ ಮುಟ್ಟುತ್ತದೆ, ಮುಂದೆ ಇಳಿಯುತ್ತದೆ. ನೀರು ಕಡಿಮೆಯಿದ್ದರೆ ಕಣಗಳು ಒಂದಕ್ಕೊಂದು ಉಜ್ಜಿ ತಡೆಯುತ್ತವೆ. ಹೆಚ್ಚಾದರೆ ಕಣಗಳ ನಡುವಿನ ಜಾಗವನ್ನು ನೀರೇ ಹಿಡಿದುಕೊಳ್ಳುತ್ತದೆ. ನಡುವಿನ ಹದದಲ್ಲಿ ಮಾತ್ರ ಕಣಗಳು ಜಾರಿ ಹತ್ತಿರ ಬರುತ್ತವೆ. ಇಂದು ಜಗತ್ತಿನ ಯಾವುದೇ ರಸ್ತೆ, ಅಣೆಕಟ್ಟು, ರನ್‌ವೇಯ ಗುತ್ತಿಗೆ ಪತ್ರ ತೆರೆದರೂ ಪ್ರಾಕ್ಟರ್ ಹೆಸರಿನ ಈ ಪರೀಕ್ಷೆ ಇದ್ದೇ ಇರುತ್ತದೆ. ಎಮ್ಮೆಯ ಗೊರಸಿನ ಕೆಲಸವನ್ನು ಈಗ ಉಬ್ಬುಗಳಿರುವ ಕಬ್ಬಿಣದ ರೋಲರ್ ಮಾಡುತ್ತದೆ.

ಗಣಿಯಲ್ಲಿ ಇದರ ತದ್ವಿರುದ್ಧ ನಡೆಯುತ್ತದೆ. ಅಲ್ಲಿ ಬೇಕಾದ್ದು ಅದಿರು. ಅದರ ಮೇಲಿನ ಮಣ್ಣು, ಕಲ್ಲು ಎಲ್ಲ ಅಡ್ಡಿ. ದೊಡ್ಡ ಟಿಪ್ಪರ್ ಅಂಚಿಗೆ ಬಂದು ಹಿಂದೆ ಎತ್ತಿ ಸುರಿದು ಹೋಗುತ್ತದೆ. ಹತ್ತಾರು ಮೀಟರ್ ಎತ್ತರದಿಂದ ಉರುಳಿದ ರಾಶಿಯಲ್ಲಿ ಬಂಡೆಗಳು ಬುಡಕ್ಕೆ, ಪುಡಿ ಮೇಲಕ್ಕೆ ನಿಲ್ಲುತ್ತವೆ, ನಡುವೆ ಪೊಳ್ಳು. ಪದರವಿಲ್ಲ, ನೀರಿಲ್ಲ, ತುಳಿತವಿಲ್ಲ. ಮೇಲೆ ಬುಲ್ಡೋಜರ್ ಓಡಿಸಿ ಸಮ ಮಾಡಿದರೆ ನೋಡುವವರಿಗೆ ಮೈದಾನ. ಒಳಗೆ ಅದು ಬಿಡಿಬಿಡಿ ಕಲ್ಲುಗಳು ಮೂಲೆಗೆ ಮೂಲೆ ತಾಗಿ ನಿಂತ ರಾಶಿ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ಸಂಗತಿ ಇದೆ. ಇಂಥ ನೆಲಕ್ಕೆ ವಿಮಾನದ ಭಾರವೇ ಶತ್ರುವೆಂದು ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ತುಂಬಿದ ಏರ್‌ಬಸ್ 320 ಸುಮಾರು 78 ಟನ್. ಅದರ ಒಂದು ಮುಖ್ಯ ಕಾಲಿನ ಮೇಲೆ ಸುಮಾರು 37 ಟನ್ ಬೀಳುತ್ತದೆ. ಟಯರಿನ ಒತ್ತಡ ನಮ್ಮ ಕಾರಿನದರ ಆರು ಪಟ್ಟು. ಹಾಗಾಗಿ ಮೇಲಿನ ಒಂದೆರಡು ಮೀಟರ್ ಬಹಳ ಗಟ್ಟಿಯಿರಬೇಕು ನಿಜ. ಆದರೆ ಆಳಕ್ಕೆ ಹೋದಂತೆ ಆ ಭಾರ ಹರಡಿಕೊಳ್ಳುತ್ತದೆ. 10 ಮೀಟರ್ ಕೆಳಗೆ ಅದು ನೂರು ಚದರ ಮೀಟರಿಗೂ ಹೆಚ್ಚು ಜಾಗಕ್ಕೆ ಹಂಚಿಹೋಗಿ, ಚದರ ಮೀಟರಿಗೆ ಅರ್ಧ ಟನ್ನೂ ಉಳಿಯುವುದಿಲ್ಲ. ಅದೇ ಆಳದಲ್ಲಿ ಮೇಲಿನ ಮಣ್ಣಿನ ಸ್ವಂತ ಭಾರ ಚದರ ಮೀಟರಿಗೆ ಹತ್ತಿರ ಹತ್ತಿರ 20 ಟನ್. 40 ಮೀಟರ್ ಆಳದ ತುಂಬು ಮಣ್ಣಿನ ತಳದಲ್ಲಿ 80 ಟನ್. ಆ ನೆಲ ಕುಗ್ಗುವುದು ತನ್ನದೇ ಭಾರಕ್ಕೆ, ಹಗಲು ರಾತ್ರಿ, ವಿಮಾನ ಬಂದರೂ ಬಾರದಿದ್ದರೂ.

ಆ ಕುಗ್ಗುವಿಕೆ ನಿಧಾನವಾಗಿ ನಡೆಯುತ್ತ, ವರ್ಷ ಕಳೆದಂತೆ ಕಡಿಮೆಯಾಗುತ್ತದೆ. ಅದಷ್ಟೇ ಆಗಿದ್ದರೆ ಕಾದರೆ ಸಾಕಿತ್ತು. ಅಪಾಯ ಬರುವುದು ನೀರಿನಿಂದ. ಗಣಿ ನಡೆಯುವಾಗ ಪಂಪ್ ಹಚ್ಚಿ ನೀರು ಹೊರಹಾಕುತ್ತಿರುತ್ತಾರೆ. ಗಣಿ ನಿಂತು ಪಂಪ್ ನಿಂತೊಡನೆ ಅಂತರ್ಜಲ ಮೆಲ್ಲಗೆ ತನ್ನ ಹಳೆಯ ಮಟ್ಟಕ್ಕೆ ಏರುತ್ತದೆ. ಒಣ ಕಲ್ಲು, ಹೆಂಟೆಗಳ ಮೂಲೆಗಳು ನೆನೆದು ಮೆತ್ತಗಾಗುತ್ತವೆ, ಮುರಿಯುತ್ತವೆ, ರಾಶಿ ಒಮ್ಮೆಲೇ ಕೂಡುತ್ತದೆ. ಸುಸಲ ಮಾಡಲು ಮಂಡಕ್ಕಿಗೆ ನೀರು ಹಾಕಿದಾಗ ಪಾತ್ರೆಯ ಅಂಚಿನವರೆಗೆ ಇದ್ದದ್ದು ಅರ್ಧಕ್ಕೆ ಇಳಿಯುವುದನ್ನು ಕಂಡವರಿಗೆ ಇದು ತಿಳಿಯುತ್ತದೆ. ಮಣ್ಣು ಅಷ್ಟು ಇಳಿಯುವುದಿಲ್ಲ, ಬಗೆ ಮಾತ್ರ ಅದೇ. ಇಂಗ್ಲೆಂಡಿನ ಹಾರ್ಸ್ಲಿ ಎಂಬಲ್ಲಿ ಮುಚ್ಚಿದ ತೆರೆದ ಕಲ್ಲಿದ್ದಲು ಗಣಿಯೊಂದರಲ್ಲಿ 1970ರ ದಶಕದಲ್ಲಿ ಇದನ್ನು ವರ್ಷಗಟ್ಟಲೆ ಅಳೆದರು. ಆಳದ ತುಂಬು ಮಣ್ಣಿನಲ್ಲಿ ನೀರು ಏರಿದಷ್ಟೂ ಅದು ಮುಟ್ಟಿದ ಪದರಗಳು ಒಂದೊಂದಾಗಿ ಕುಸಿದವು. ಸಡಿಲವಾಗಿ ಸುರಿದ ಗಣಿ ಮಣ್ಣು ನೆನೆದಾಗ ತನ್ನ ಎತ್ತರದ ಶೇಕಡ ಒಂದೆರಡರಷ್ಟು ಇಳಿಯುವುದು ಸಾಮಾನ್ಯ. 40 ಮೀಟರಿಗೆ ಶೇಕಡ 2 ಎಂದರೆ 80 ಸೆಂಟಿಮೀಟರ್. ರನ್‌ವೇ ಮೇಲೆ 45 ಮೀಟರ್ ದೂರದಲ್ಲಿ 3 ಸೆಂಟಿಮೀಟರ್ ಏರುಪೇರನ್ನಷ್ಟೇ ಸಹಿಸಬಹುದು.

ಬಳ್ಳಾರಿಯಂಥ ಒಣ ಸೀಮೆಯಲ್ಲಿ ಈ ಅಪಾಯ ಇನ್ನೂ ಮೋಸದ್ದು. ಮಳೆ ಕಡಿಮೆಯಾದ್ದರಿಂದ ರಾಶಿ ಹತ್ತಿಪ್ಪತ್ತು ವರ್ಷ ಸುಮ್ಮನೆ ನಿಂತಿರಬಹುದು. ಎಲ್ಲ ಸರಿಯಿದೆಯೆಂದು ಮೇಲೆ ಡಾಂಬರು ಹಾಕಿದ ಮೇಲೆ ಒಂದು ಅಡ್ಡಮಳೆಯ ವರ್ಷ ಬರುತ್ತದೆ, ಇಲ್ಲವೇ ನಿಲ್ದಾಣದ್ದೇ ನೀರಿನ ಪೈಪು ಸೋರುತ್ತದೆ. ಮಲೆನಾಡಿನ ಅಂಚಿನಲ್ಲಿ ಇಂಥ ಮೋಸ ಕಡಿಮೆ. ಕೆಲವು ಮಳೆಗಾಲ ಕಳೆದರೆ ನೆಲ ತನ್ನ ಗುಣ ತೋರಿಸಿಬಿಡುತ್ತದೆ.

ಹಾಗಾದರೆ ಸುರಿದ ಮಣ್ಣನ್ನು ಆಮೇಲೆ ಗಟ್ಟಿ ಮಾಡಬಾರದೇ? ಮಾಡಬಹುದು. ಫ್ರಾನ್ಸಿನ ಲೂಯಿ ಮೆನಾರ್ಡ್ 1970ರ ಹೊತ್ತಿಗೆ ಬಳಕೆಗೆ ತಂದ ವಿಧಾನ ಕೇಳಲು ಒರಟು, ಕೆಲಸದಲ್ಲಿ ಗಟ್ಟಿ: ಕ್ರೇನಿಗೆ 10, 15 ಟನ್ನಿನ ಗುಂಡು ಕಟ್ಟಿ ಮೇಲಿನಿಂದ ಮತ್ತೆ ಮತ್ತೆ ಬೀಳಿಸುವುದು. ಅದರ ಪೆಟ್ಟು ಎಷ್ಟು ಆಳ ತಲುಪುತ್ತದೆಂಬುದಕ್ಕೆ ಎಂಜಿನಿಯರುಗಳ ಬಳಿ ಒಂದು ಸೂತ್ರವಿದೆ. ಗುಂಡಿನ ಟನ್ ತೂಕವನ್ನು ಬೀಳುವ ಮೀಟರ್ ಎತ್ತರದಿಂದ ಗುಣಿಸಿ, ವರ್ಗಮೂಲ ತೆಗೆದು, ಅರ್ಧ ಮಾಡಿ. 15 ಟನ್, 20 ಮೀಟರ್ ಎಂದರೆ ಸುಮಾರು 8.7 ಮೀಟರ್. ಎಂಟು ಮೀಟರ್ ಆಳದ ಹಳೆಯ ಗುಂಡಿಗೆ ಇದು ಸಾಕು. ನಲವತ್ತು ಮೀಟರಿಗೆ? ಮೇಲಿನ ಕಾಲುಭಾಗ ಗಟ್ಟಿಯಾಗಿ, ಕೆಳಗಿನ ಮುಕ್ಕಾಲು ಹಾಗೇ ಉಳಿಯುತ್ತದೆ. ಆಗ ಉಳಿಯುವ ದಾರಿ, ಮೇಲೆ ಹೆಚ್ಚುವರಿ ಮಣ್ಣು ಹೇರಿ, ಬೇಕೆಂದೇ ನೀರುಣಿಸಿ ಕಾಯುವುದು, ಇಲ್ಲವೇ ಎಲ್ಲವನ್ನೂ ತೋಡಿ ಪದರ ಪದರವಾಗಿ ಮತ್ತೆ ತುಂಬುವುದು. ಎರಡಕ್ಕೂ ಸುರಿಯುವ ಹಣದಲ್ಲಿ ಒಳ್ಳೆಯ ನೆಲವನ್ನೇ ಕೊಳ್ಳಬಹುದು.

ನೆಲ ಇಳಿಯುವುದೇ ತಪ್ಪೆಂದಲ್ಲ. ಜಪಾನಿನ ಕನ್ಸಾಯ್ ವಿಮಾನ ನಿಲ್ದಾಣ 1994ರಲ್ಲಿ ಸಮುದ್ರದಲ್ಲಿ ಮಣ್ಣು ಸುರಿದು ಮಾಡಿದ ದ್ವೀಪದ ಮೇಲೆ ತೆರೆಯಿತು. ಮಣ್ಣು ಸುರಿದಂದಿನಿಂದ ಆ ದ್ವೀಪ ಹತ್ತು ಮೀಟರಿಗೂ ಹೆಚ್ಚು ಇಳಿದಿದೆ. ವಿಮಾನಗಳು ಇಂದಿಗೂ ಹಾರುತ್ತಿವೆ. ಇಳಿಯುತ್ತದೆಂದು ಮೊದಲೇ ತಿಳಿದು, ಟರ್ಮಿನಲ್ಲಿನ ಕಂಬಗಳ ಬುಡಕ್ಕೆ ಜ್ಯಾಕ್ ಇಟ್ಟು ಎತ್ತಿ ಸರಿಪಡಿಸುವ ವ್ಯವಸ್ಥೆ ಮಾಡಿದ್ದರು. ಕೆಡುಕು ಇರುವುದು ಒಂದು ಕಡೆ ಇಳಿದು ಪಕ್ಕದಲ್ಲಿ ಇಳಿಯದಿರುವುದರಲ್ಲಿ. ಗಣಿ ನೆಲದಲ್ಲಿ ಹಳೆಯ ಗುಂಡಿಯ ಗೋಡೆ ಅಲುಗದ ಬಂಡೆ, ಅದರ ಪಕ್ಕದ ಅಡಿಯೇ ಸಡಿಲ ಮಣ್ಣು. ರನ್‌ವೇ ಆ ಗಡಿಯನ್ನು ದಾಟುವಲ್ಲಿ ಮುರಿಯುತ್ತದೆ.

ಆದ್ದರಿಂದ ಗಡಿ ಎಲ್ಲಿದೆಯೆಂದು ತಿಳಿದಿರುವುದು ಎಲ್ಲಕ್ಕಿಂತ ಮುಖ್ಯ. ಇದಕ್ಕೆ ಶಿವಮೊಗ್ಗದಿಂದ ಆಯನೂರು ದಾಟಿ ಸಾಗರದ ದಾರಿಯಲ್ಲಿ ಸಿಗುವ ಕುಂಸಿ ಒಳ್ಳೆಯ ಪಾಠ. 20ನೇ ಶತಮಾನದ ಆರಂಭದಲ್ಲಿ ಇಲ್ಲಿ, ಶಂಕರಗುಡ್ಡದ ಸುತ್ತ ಮ್ಯಾಂಗನೀಸ್ ತೆಗೆದರು. ಭಾರತದ ಮ್ಯಾಂಗನೀಸ್ ಬಗ್ಗೆ 1909ರಲ್ಲಿ ಭೂವಿಜ್ಞಾನಿ ಫರ್ಮರ್ ಪ್ರಕಟಿಸಿದ ಬೃಹತ್ ಗ್ರಂಥದಲ್ಲಿ ಶಿವಮೊಗ್ಗ ಜಿಲ್ಲೆಯ ನಿಕ್ಷೇಪಗಳೂ ಇವೆ. ಅದಿರು ಜಂಬಿಟ್ಟಿಗೆಯ ಜೊತೆ ಬೆರೆತು ಮೇಲ್ಮೈಗೆ ಹತ್ತಿರ ಇದ್ದುದರಿಂದ ಅದಿರು ಕಂಡಲ್ಲಿ ಗುಂಡಿ, ಪಕ್ಕದಲ್ಲಿ ದಿಬ್ಬ. ನೂರು ಮಳೆಗಾಲ ಕಳೆದ ಮೇಲೆ ಗುಂಡಿಗೆ ಮಣ್ಣು ತುಂಬಿ, ಮೇಲೆ ಮುತ್ತುಗ, ಲಂಟಾನ ಬೆಳೆದರೆ ಯಾವುದು ಹುಟ್ಟುನೆಲ, ಯಾವುದು ತುಂಬಿದ್ದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಕೋಲಾರದ ಚಿನ್ನದ ಗಣಿಯಲ್ಲಂತೂ ಪೊಳ್ಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗುತ್ತದೆ. ಮೇಲೆ ಸಯನೈಡ್ ಮಣ್ಣಿನ ದಿಬ್ಬಗಳು. ಬೋರ್ ಕೊರೆದು ನೋಡುವುದು, ನೆಲದೊಳಗೆ ವಿದ್ಯುತ್ ಹಾಯಿಸಿ ತಡೆ ಅಳೆಯುವುದು, ಗುರುತ್ವದ ಅತಿ ಸಣ್ಣ ಕೊರತೆಯಿಂದ ಪೊಳ್ಳು ಪತ್ತೆ ಮಾಡುವುದು, ಹೀಗೆ ಉಪಾಯಗಳಿವೆ. ಆದರೆ ಗಣಿ ನಡೆದಾಗಲೇ ಬರೆದಿಟ್ಟ ಒಂದು ಒಳ್ಳೆಯ ನಕ್ಷೆ ಇವೆಲ್ಲದಕ್ಕಿಂತ ಬೆಲೆಯುಳ್ಳದ್ದು.

ಮಲೆನಾಡಿನ ನೆಲದಲ್ಲಿ ಇನ್ನೊಂದು ಎಚ್ಚರ ಬೇಕು. ಗಟ್ಟಿ ಜಂಬಿಟ್ಟಿಗೆಯ ಕೆಳಗೆ ಹಲವು ಕಡೆ ಮೆತ್ತನೆಯ ಬಿಳಿ, ಹಳದಿ ಮಣ್ಣಿನ ಪದರವಿರುತ್ತದೆ. ಕರಾವಳಿಯವರು ಇದನ್ನು ಶೇಡಿ ಮಣ್ಣು ಎನ್ನುತ್ತಾರೆ. ಒಣಗಿದ್ದಾಗ ಗೋಡೆಯಂತೆ ನಿಲ್ಲುವ ಇದು ನೀರು ಕುಡಿದರೆ ಬಲ ಕಳೆದುಕೊಂಡು ಕೊರೆದುಹೋಗುತ್ತದೆ. ಕಲ್ಲಿಗಾಗಿ ಜಂಬಿಟ್ಟಿಗೆಯ ಹೊದಿಕೆ ತೆಗೆದ ಕ್ವಾರಿಯಲ್ಲಿ ಬಯಲಾಗುವುದು ಇದೇ. ಮಂಗಳೂರಿನ ಕೆಂಜಾರು ಬೆಟ್ಟದ ಮೇಲಿನ ರನ್‌ವೇ ಇಂಥ ಜಂಬಿಟ್ಟಿಗೆ ನಾಡಿನದು. 1951ರಲ್ಲಿ ಬಜಪೆಯಲ್ಲಿ ಶುರುವಾದ ನಿಲ್ದಾಣದ ಹಳೆಯ ರನ್‌ವೇ ಚಿಕ್ಕದಾಯಿತೆಂದು 2006ರಲ್ಲಿ 2,450 ಮೀಟರಿನ ಹೊಸದು ಬಂತು. 2010ರ ಮೇ 22ರಂದು ಅದರ ತುದಿ ದಾಟಿದ ವಿಮಾನ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು. ರನ್‌ವೇ ಮುಗಿದಲ್ಲಿಂದ ಮುಂದೆ ಎಷ್ಟು ಸಮತಟ್ಟು ಇದೆಯೆಂಬುದು ಕಾಗದದ ಮೇಲಿನ ಸಂಖ್ಯೆಯಲ್ಲ ಎಂದು ಕರಾವಳಿಯ ಮನೆಮನೆಗೂ ಗೊತ್ತು.

ಆ ತುದಿಯ ಸಮತಟ್ಟನ್ನು ಮಣ್ಣು ತುಂಬಿ ಮಾಡಿದರೆ ಏನಾಗಬಹುದೆಂಬುದಕ್ಕೆ ಅಮೆರಿಕದ ಪಶ್ಚಿಮ ವರ್ಜೀನಿಯಾದಲ್ಲಿ ಸಾಕ್ಷಿಯಿದೆ. ಚಾರ್ಲ್ಸ್‌ಟನ್ ನಗರದ ಯೀಗರ್ ವಿಮಾನ ನಿಲ್ದಾಣ ಬೆಟ್ಟದ ನೆತ್ತಿಗಳನ್ನು ಕಡಿದು ಕಣಿವೆ ತುಂಬಿ 1947ರಲ್ಲಿ ಕಟ್ಟಿದ್ದು. ರನ್‌ವೇ ತುದಿಗೆ ಹೊಸದಾಗಿ ಎತ್ತರದ ಮಣ್ಣಿನ ದಿಬ್ಬ ಕಟ್ಟಿ, ಅದರ ಮೇಲೆ ಚಕ್ರ ಹೂತು ವಿಮಾನ ನಿಲ್ಲುವಂಥ ಮೆದು ಕಾಂಕ್ರೀಟ್ ಹಾಸು ಹಾಕಿದರು. 2010ರ ಜನವರಿಯಲ್ಲಿ ಆ ಹಾಸು ಓಡಿಬಂದ ಒಂದು ಜೆಟ್ ವಿಮಾನವನ್ನು ತಡೆದು 34 ಜನರ ಜೀವ ಉಳಿಸಿತು. 2015ರ ಮಾರ್ಚ್‌ನಲ್ಲಿ ಅದರ ಕೆಳಗಿನ ದಿಬ್ಬವೇ ಕುಸಿದು ಕಣಿವೆಗೆ ಜಾರಿತು. ಗಣಿ ಮಣ್ಣಲ್ಲ ಅದು, ಎಂಜಿನಿಯರುಗಳೇ ನಿಂತು ಪದರ ಪದರವಾಗಿ ಕಟ್ಟಿಸಿದ್ದು. ಅದಕ್ಕೇ ಹೀಗಾದರೆ ಟಿಪ್ಪರ್ ಸುರಿದು ಹೋದ ರಾಶಿಯ ಅಂಚಿನ ಬಗ್ಗೆ ಎಷ್ಟು ಎಚ್ಚರ ಬೇಕೆಂದು ಊಹಿಸಬಹುದು.

ಅದೇ ರಾಜ್ಯದ ಮಿಂಗೊ ಕೌಂಟಿಯಲ್ಲಿ ನಮ್ಮ ಪ್ರಶ್ನೆಗೆ ನೇರ ಉತ್ತರವೂ ಇದೆ. ಅಲ್ಲಿಯ ಹಳೆಯ ಪುಟ್ಟ ನಿಲ್ದಾಣಕ್ಕೆ ಬದಲಾಗಿ, ಕಲ್ಲಿದ್ದಲು ತೆಗೆದು ಸಮ ಮಾಡಿದ ಬೆಟ್ಟದ ಮೇಲೆ ಸುಮಾರು 1,500 ಮೀಟರ್ ರನ್‌ವೇಯ ಹೊಸ ಪ್ರಾದೇಶಿಕ ನಿಲ್ದಾಣ ಕಟ್ಟಿದರು. ಇದು ಸಾಧ್ಯವಾದದ್ದು ಒಂದು ಕಾನೂನಿನಿಂದ. ಗಣಿ ಮಾಡಿದವರು ಬೆಟ್ಟವನ್ನು ಹೆಚ್ಚುಕಡಿಮೆ ಮೊದಲಿನ ಆಕಾರಕ್ಕೆ ತರಬೇಕೆಂದು 1977ರ ಅಮೆರಿಕದ ಕಾಯಿದೆ ಹೇಳುತ್ತದೆ. ಸಮತಟ್ಟಾಗಿ ಬಿಡಬೇಕಿದ್ದರೆ ಆ ನೆಲದ ಮುಂದಿನ ಉಪಯೋಗವನ್ನು ಮೊದಲೇ ತೋರಿಸಿ ಒಪ್ಪಿಗೆ ಪಡೆಯಬೇಕು. ಹಾಗಾಗಿ ವಿಮಾನ ನಿಲ್ದಾಣದ ನಕ್ಷೆ ಗಣಿಯ ಯೋಜನೆಯ ಜೊತೆಗೇ ಕೂಡಿತು. ಒಂದು ಮಾತನ್ನು ಒತ್ತಿ ಹೇಳಬೇಕು. ಅಪಲಾಚಿಯ ಬೆಟ್ಟಗಳ ನೆತ್ತಿ ಹಾರಿಸಿ ತೊರೆಗಳನ್ನು ಮಣ್ಣಲ್ಲಿ ಹೂತ ಆ ಬಗೆಯ ಗಣಿಗಾರಿಕೆ ದೊಡ್ಡ ಅನ್ಯಾಯ. ರನ್‌ವೇ ಸಿಕ್ಕಿತೆಂಬುದು ಅದಕ್ಕೆ ಸಮರ್ಥನೆಯಾಗಲಾರದು. ಕಲಿಯಬೇಕಾದ್ದು ಕ್ರಮವನ್ನು ಮಾತ್ರ.

ಆ ಕ್ರಮಕ್ಕೆ ನಮ್ಮಲ್ಲೂ ಬಾಗಿಲಿದೆ. ಗಣಿ ಮುಚ್ಚುವ ಯೋಜನೆಯನ್ನು ಮೊದಲೇ ಸಲ್ಲಿಸಬೇಕೆಂಬ ನಿಯಮ ಭಾರತದಲ್ಲಿ 2003ರಿಂದ ಇದೆ. ಬಹುತೇಕ ಅದು ಗಿಡ ನೆಡುವುದು, ಬೇಲಿ ಹಾಕುವುದರ ಸುತ್ತ ನಿಲ್ಲುತ್ತದೆ. ಮುಂದೆ ಇಲ್ಲಿ ಏನು ಬರಬಹುದೆಂದು ಜಿಲ್ಲಾಡಳಿತ ಮತ್ತು ಊರವರ ಜೊತೆ ಕೂತು ಆಗಲೇ ತೀರ್ಮಾನಿಸಿದರೆ, ಆ ಪಟ್ಟಿಯಲ್ಲಿ ಬೀಳುವ ಮಣ್ಣನ್ನು ಅರ್ಧ ಮೀಟರಿನ ಪದರಗಳಲ್ಲಿ ಹದವಾಗಿ ತುಂಬಬಹುದು. ಟಿಪ್ಪರ್ ಅಲ್ಲಿಗೆ ಹೇಗೂ ಬರುತ್ತದೆ, ಮಣ್ಣು ಹೇಗೂ ಬೀಳುತ್ತದೆ. ಹೆಚ್ಚಿಗೆ ಬೇಕಾದ್ದು ನೀರು, ರೋಲರ್ ಮತ್ತು ಪರೀಕ್ಷೆ. ಇಪ್ಪತ್ತು ವರ್ಷದ ನಂತರ ಅದೇ ಕೆಲಸಕ್ಕೆ ಅದರ ಹಲವು ಪಟ್ಟು ಹಣ ಸುರಿಯಬೇಕಾಗುತ್ತದೆ.

ಊರವರ ಜೊತೆ ಎಂದದ್ದು ಮರ್ಯಾದೆಗೆ ಹೇಳಿದ ಮಾತಲ್ಲ. ಗಣಿ ಬಿಟ್ಟ ನೆಲ ಖಾಲಿ ಬಿದ್ದಿರುವುದಿಲ್ಲ. ಹಳೆಯ ಗುಂಡಿಯಲ್ಲಿ ನೀರು ನಿಂತರೆ ದನ ಕುಡಿಯುತ್ತವೆ, ದಿಬ್ಬದ ಹುಲ್ಲು ಮೇವಾಗುತ್ತದೆ. ಜಂಬಿಟ್ಟಿಗೆಯ ಬೋಳು ಹಾಸಿನ ಮೇಲೆ ಮಳೆಗಾಲದಲ್ಲಿ ಅರಳುವ ಪುಟ್ಟ ಕೀಟಾಹಾರಿ ಗಿಡಗಳು ಎಲ್ಲ ಮಣ್ಣಿನಲ್ಲೂ ಬದುಕುವುದಿಲ್ಲ. ಕಾಗದದಲ್ಲಿ ಖರಾಬು ಎಂದಿರುವುದನ್ನೇ ನಂಬಿ ಸರ್ವೆಗೆ ಹೊರಡುವವರು ಒಂದು ವರ್ಷ ಅಲ್ಲಿ ಯಾರು, ಏನು ಬದುಕುತ್ತಿದೆಯೆಂದು ನೋಡಿ ಬರಬೇಕು.

ನೀರಿನ ಗುಂಡಿ ಹಕ್ಕಿಗಳನ್ನೂ ಕರೆಯುತ್ತದೆ. ಮೇಲೇಳುವ ವಿಮಾನದ ಎಂಜಿನ್ನಿಗೆ ಒಂದು ಬೆಳ್ಳಕ್ಕಿ ಸಿಕ್ಕರೂ ಅಪಾಯ. ಹಕ್ಕಿಗಳನ್ನು ಸೆಳೆಯುವ ತಾಣಗಳ ಮೇಲೆ ನಿಲ್ದಾಣದಿಂದ 13 ಕಿಲೋಮೀಟರ್‌ವರೆಗೆ ಕಣ್ಣಿಡಬೇಕೆಂದು ಅಂತರರಾಷ್ಟ್ರೀಯ ಮಾರ್ಗದರ್ಶಿ ಹೇಳುತ್ತದೆ. ಸೊರಬದ ಗುಡವಿ ಪಕ್ಷಿಧಾಮಕ್ಕೆ ಪ್ರತಿ ಮಳೆಗಾಲ ಗೂಡು ಕಟ್ಟಲು ಬರುವ ಸಾವಿರಾರು ಹಕ್ಕಿಗಳು, ಊರಿಗೊಂದು ಕೆರೆ, ಕೆರೆಯ ಕೆಳಗೆ ಭತ್ತ. ಬಂದಳಿಕೆ, ಸೊರಬದ ಸುತ್ತ ಯಾರಾದರೂ ಹಳೆಯ ಕ್ವಾರಿ ತೋರಿಸಿ ಇಲ್ಲೊಂದು ರನ್‌ವೇ ಮಾಡೋಣ ಎಂದರೆ ಬೇಡ ಎನ್ನಲು ಇದೊಂದೇ ಕಾರಣ ಸಾಕು. ರಕ್ಷಿತ ಸ್ಮಾರಕಗಳ ಸುತ್ತಲಿನ ಕಾನೂನಿನ ಮಾತು ಆಮೇಲೆ.

ಇನ್ನು ಕಾದು ನೋಡುವ ಕೆಲಸಕ್ಕೆ ನಮ್ಮ ಕೈಯಲ್ಲೀಗ ಒಳ್ಳೆಯ ಸಾಧನವಿದೆ. 2025ರ ಜುಲೈ 30ರಂದು ಇಸ್ರೊ ಶ್ರೀಹರಿಕೋಟದಿಂದ ಹಾರಿಸಿದ, ನಾಸಾ ಜೊತೆ ಸೇರಿ ಮಾಡಿದ ನಿಸಾರ್ ಉಪಗ್ರಹ 12 ದಿನಕ್ಕೊಮ್ಮೆ ಅದೇ ನೆಲದ ಮೇಲೆ ಹಾದುಹೋಗಿ ರೇಡಾರ್ ಅಲೆ ಬೀರುತ್ತದೆ. ಹಿಂದಿನ ಸಲದ ಅಲೆಗೂ ಈ ಸಲದ ಅಲೆಗೂ ಇರುವ ಹಂತದ ವ್ಯತ್ಯಾಸದಿಂದ ನೆಲ ಸೆಂಟಿಮೀಟರ್ ಮಟ್ಟದಲ್ಲಿ ಇಳಿದದ್ದೂ ತಿಳಿಯುತ್ತದೆ. ಹಳೆಯ ಗುಂಡಿಯ ಅಂಚು ಎಲ್ಲಿ ಎಂಬುದನ್ನು ಇಳಿಯುವ ನೆಲವೇ ಬರೆದು ತೋರಿಸುತ್ತದೆ. ಅದರ ಮಾಹಿತಿ ಎಲ್ಲರಿಗೂ ಮುಕ್ತ. ಸಂಡೂರಿನಲ್ಲಿ ರದ್ದಾದ ಗುತ್ತಿಗೆಗಳ ಗಡಿ, ಗುಂಡಿ, ಡಂಪ್‌ಗಳ ನಕ್ಷೆಯನ್ನು ಈ ಚಿತ್ರಗಳ ಮೇಲೆ ಹಾಸಿ, ಕುಂಸಿಯ ಹಳೆಯ ಮ್ಯಾಂಗನೀಸ್ ಗುಂಡಿಗಳನ್ನೂ ಅದಕ್ಕೆ ಸೇರಿಸಿ, ಯಾವ ಪಂಚಾಯಿತಿಯವರೂ ತೆರೆದು ನೋಡುವಂತೆ ಇಡುವುದು ಒಂದು ವಿಶ್ವವಿದ್ಯಾಲಯದ ವಿಭಾಗಕ್ಕೆ ಮೀರಿದ ಕೆಲಸವಲ್ಲ. ಮುಂದಿನ ಸಲ ಯಾವುದಾದರೂ ಜಿಲ್ಲೆಯಲ್ಲಿ ವಿಮಾನ ನಿಲ್ದಾಣಕ್ಕೆ ಜಾಗ ಹುಡುಕುವಾಗ ಸರ್ವೆಯವರಿಗೂ ರೈತರಿಗೂ ಒಂದೇ ನಕ್ಷೆ ಸಿಗಬೇಕು, ಅದೂ ಭೂಸ್ವಾಧೀನದ ನೋಟಿಸು ಮನೆಗೆ ಬರುವ ಮೊದಲು.